ಕಾರವಾರದ ಕಡಲದಂಡೆ: ಒಂದು ಐತಿಹಾಸಿಕ ವಿವೇಚನೆ

ಮಲೆನಾಡಿನ ಇತಿಹಾಸವನ್ನು ಕಡಲಿನಿಂದ ಬೇರ್ಪಡಿಸಿ ಓದುವ ರೂಢಿ ನಮ್ಮ ತರಗತಿಗಳಲ್ಲಿ ಬೇರೂರಿದೆ. ಆದರೆ ಶಿವಮೊಗ್ಗೆಯಿಂದ ಹೊರಟು ಆಯನೂರು, ಕುಂಸಿ, ಆನಂದಪುರ, ಸಾಗರಗಳನ್ನು ಹಾಯ್ದು ಹೊನ್ನಾವರಕ್ಕೆ ಇಳಿಯುವ ಹೆದ್ದಾರಿಯನ್ನು ನೋಡಿದವರಿಗೆ ಈ ರೂಢಿ ಸರಿಯಲ್ಲವೆಂಬುದು ತಾನಾಗಿ ಮನವರಿಕೆಯಾಗುತ್ತದೆ. ಕೆಳದಿಯ ಅರಸರ ಬೊಕ್ಕಸವನ್ನು ತುಂಬಿದ ಮೆಣಸು ಘಟ್ಟವನ್ನಿಳಿದು ಕಡಲ ಬಂದರುಗಳಿಗೇ ಹೋಗುತ್ತಿದ್ದಿತು. ಹೊನ್ನಾವರದಿಂದ ಕುಮಟೆ, ಅಂಕೋಲೆಗಳ ಮೇಲೆ ಬಡಗಣಕ್ಕೆ ಸಾಗಿದರೆ ಕಾರವಾರ ಸಿಕ್ಕುತ್ತದೆ. ಆಯನೂರಿನ ಕಡೆಯ ವಿದ್ಯಾರ್ಥಿಗಳು ಪ್ರವಾಸಕ್ಕೆಂದು ಈ ದಾರಿ ಹಿಡಿಯುವುದು ವಾಡಿಕೆ. ಅವರು ಅಲ್ಲಿನ ಮರಳಿನ ಮೇಲೆ ಒಂದು ಸಂಜೆ ಕಳೆದು, ಸೂರ್ಯಾಸ್ತವನ್ನು ನೋಡಿ ಹಿಂದಿರುಗುತ್ತಾರೆ. ಆ ಮರಳದಂಡೆ ಸರ್ವರಿಗೂ ತೆರೆದ ಸ್ಥಳವಾಗಿ ಉಳಿದುದು ಹೇಗೆ ಎಂಬ ಪ್ರಶ್ನೆಯನ್ನು ಎತ್ತಿಕೊಂಡು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ನೆಲದ ಲಕ್ಷಣವನ್ನು ಗಮನಿಸೋಣ. ಪಟ್ಟಣದ ಉತ್ತರಕ್ಕೆ ಕಾಳಿ ನದಿ ಸಮುದ್ರವನ್ನು ಸೇರುತ್ತದೆ. ನದಿಯಾಚೆ ಸದಾಶಿವಗಡದ ಗುಡ್ಡವಿದೆ. ದಕ್ಷಿಣಕ್ಕೆ ಕಾರವಾರದ ಭೂಶಿರವು ಕಡಲೊಳಕ್ಕೆ ಚಾಚಿಕೊಂಡಿದೆ. ಅದರ ಮಗ್ಗುಲಲ್ಲೇ ಬೈತಖೋಲ ಬಂದರು. ಇವೆರಡರ ನಡುವೆ ಬಾಗಿದ ಕೊಲ್ಲಿಯೇ ಪಟ್ಟಣದ ಕಡಲದಂಡೆ. ಮುಂದುಗಡೆ ಕೂರ್ಮಗಡ, ದೇವಗಡ ಮೊದಲಾದ ದ್ವೀಪಗಳು ಹರಡಿವೆ, ತೆಂಕಣಕ್ಕೆ ಅಂಜದೀವವಿದೆ. ನೈಋತ್ಯ ಮಾರುತದ ಹೊಡೆತವನ್ನು ಭೂಶಿರವೂ ತೆರೆಗಳ ರಭಸವನ್ನು ದ್ವೀಪಗಳೂ ಬಹುಮಟ್ಟಿಗೆ ತಡೆಯುತ್ತವೆ. ಹಡಗಿಗೆ ಬೇಕಾದುದೂ ಇಂಥ ಆಶ್ರಯವೇ; ಬಲೆ ಎಳೆಯುವವನಿಗೂ ಮಕ್ಕಳನ್ನು ಕರೆದುಕೊಂಡು ಬಂದ ಗೃಹಸ್ಥನಿಗೂ ಬೇಕಾದುದು ಅದೇ. ಈ ದಂಡೆಯ ಇತಿಹಾಸದ ಬಿಕ್ಕಟ್ಟೆಲ್ಲ ಈ ಒಂದು ಸಂಗತಿಯಲ್ಲಿ ಅಡಗಿದೆಯೆಂದು ನಾವು ಭಾವಿಸುತ್ತೇವೆ.

ಪ್ರಾಚೀನ ವ್ಯಾಪಾರದ ನೆಲೆ ಇಂದಿನ ಮರಳದಂಡೆಯಾಗಿರಲಿಲ್ಲ. ಹಳೆಯ ಕಾರವಾರವು ಕಾಳಿ ನದಿಯ ಮೇಲ್ಗಡೆ, ಕಡವಾಡದ ಕಡೆಗೆ ಇದ್ದಿತು. ವಿಲಿಯಂ ಕೋರ್ಟೀನನ ಸಂಘದವರು ೧೬೩೮ರಲ್ಲಿ ಇಂಗ್ಲಿಷರ ಕೋಠಿಯನ್ನು ತೆರೆದು ಮೆಣಸು, ಏಲಕ್ಕಿ ಹಾಗೂ ನಯವಾದ ಹತ್ತಿಬಟ್ಟೆಗಳನ್ನು ಕೊಂಡರು. ೧೬೬೫ರಲ್ಲಿ ಶಿವಾಜಿಯು ಈ ಊರಿನಿಂದ ಕಾಣಿಕೆ ವಸೂಲು ಮಾಡಿದಾಗ ಕೋಠಿಯವರೂ ತಮ್ಮ ಪಾಲನ್ನು ತೆರಬೇಕಾಯಿತು. ಅನಂತರ ಸೋದೆಯ ಅರಸ ಬಸವಲಿಂಗನು ತನ್ನ ತಂದೆಯ ಹೆಸರಿನಲ್ಲಿ ಸದಾಶಿವಗಡವನ್ನು ಕಟ್ಟಿಸಿದನು. ೧೭೫೨ರಲ್ಲಿ ಅದು ಪೋರ್ಚುಗೀಸರ ಕೈಸೇರಿತು; ಬಿದನೂರು ಬಿದ್ದ ೧೭೬೩ರ ಸುಮಾರಿಗೆ ಹೈದರನ ವಶವಾಯಿತು. ಈ ಎಲ್ಲ ಕಾದಾಟಗಳ ಗುರಿ ನದಿಯ ಬಾಯಿ ಮತ್ತು ಗುಡ್ಡದ ಕೋಟೆ; ಮರಳಿಗಾಗಿ ಯಾರೂ ಕಾದಲಿಲ್ಲ. ಅದು ಬೆಸ್ತರ ದೋಣಿ ಬಲೆಗಳ ನೆಲೆಯಾಗಿಯೇ ಉಳಿಯಿತು.

ಈ ಸ್ಥಿತಿಯನ್ನು ಬದಲಿಸಿದುದು ಹತ್ತಿ. ೧೭೯೯ರ ತರುವಾಯ ಕನ್ನಡ ಜಿಲ್ಲೆ ಮದರಾಸು ಆಧಿಪತ್ಯಕ್ಕೆ ಸೇರಿದ್ದಿತು. ಧಾರವಾಡ ಸೀಮೆಯ ಹತ್ತಿಯಾದರೋ ಮುಂಬಯಿ ಆಧಿಪತ್ಯದಲ್ಲಿ ಬೆಳೆಯುತ್ತಿದ್ದಿತು. ಒಂದು ಆಧಿಪತ್ಯದ ಹತ್ತಿಗೆ ಇನ್ನೊಂದರ ಬಂದರು ಎಂಬ ತೊಡಕು ಮ್ಯಾಂಚೆಸ್ಟರಿನ ಗಿರಣಿ ಮಾಲಿಕರಿಗೆ ಸಹಿಸಲಾರದಾಯಿತು. ೧೮೬೧ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಅಲ್ಲಿಯ ಹತ್ತಿ ಬರುವುದು ನಿಂತಮೇಲೆ ಅವರ ಒತ್ತಾಯ ಇನ್ನೂ ಬಲವಾಯಿತು. ೧೮೬೨ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ವರ್ಗಾಯಿಸಲಾಯಿತು. ಬೆಸ್ತರ ಹಳ್ಳಿಯಾಗಿದ್ದ ಕಡೆ ಜಿಲ್ಲೆಯ ಮುಖ್ಯ ಪಟ್ಟಣ ಎದ್ದಿತು. ೧೮೬೪ರಲ್ಲಿ ದೇವಗಡ ದ್ವೀಪದ ಮೇಲೆ ದೀಪಸ್ತಂಭ ನಿಂತಿತು. ಘಟ್ಟದ ದಾರಿಗಳಲ್ಲಿ ಬಂಡಿ ಸಾಗುವಂತೆ ಮಾಡುವ ಕೆಲಸ ನಡೆಯಿತು. ಮ್ಯಾಂಚೆಸ್ಟರಿನ ಹತ್ತಿ ಕಂಪನಿಯು ಯಂತ್ರಗಳನ್ನೂ ಇಲ್ಲಿಗೆ ಕಳುಹಿಸಿದ್ದಿತು. ಆದರೆ ಆ ಕಂಪನಿ ಹೆಚ್ಚು ಕಾಲ ಬಾಳಲಿಲ್ಲ.

೧೮೬೫ರಲ್ಲಿ ಅಮೆರಿಕದ ಯುದ್ಧ ಮುಗಿಯಿತು. ಹತ್ತಿಯ ಬೆಲೆ ಕುಸಿಯಿತು. ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲು ಬರುವುದೆಂಬ ನಿರೀಕ್ಷೆ ಕೆಲವು ವರ್ಷ ಊರಿನಲ್ಲಿ ಉಳಿದಿದ್ದಿತು. ಕೊನೆಗೆ ಆ ಯೋಜನೆಯನ್ನು ಕೈಬಿಟ್ಟು, ಪೋರ್ಚುಗೀಸರ ಗೋವೆಯ ಮೂಲಕ ಮರ್ಮಗೋವೆಗೆ ಹಳಿ ಹಾಕಲಾಯಿತು. ಆ ಮಾರ್ಗ ತೆರೆದೊಡನೆ ಘಟ್ಟದ ಮೇಲಿನ ಸರಕು ಅತ್ತ ಹರಿಯಿತು. ಕಾರವಾರದ ವ್ಯಾಪಾರ ಇಳಿಮುಖವಾಯಿತು. ಊರಿನವರು ಇದನ್ನು ದೊಡ್ಡ ನಷ್ಟವೆಂದು ಎಣಿಸಿದುದು ಸಹಜವೇ. ಆದರೂ ಇನ್ನೊಂದು ಮಾತನ್ನು ಇಲ್ಲಿ ಹೇಳಬೇಕಾಗುತ್ತದೆ. ರೈಲು ಬಂದಿದ್ದರೆ ಕೊಲ್ಲಿಯ ಅಂಚಿನಲ್ಲಿ ಕಟ್ಟೆಗಳೂ ಉಗ್ರಾಣಗಳೂ ಸಾಲಾಗಿ ನಿಲ್ಲುತ್ತಿದ್ದುವು. ಅದು ಬಾರದೆ ಹೋದುದರಿಂದ ಮರಳು ಮರಳಾಗಿಯೇ ಉಳಿಯಿತು. ಇಂದಿನ ಸಾರ್ವಜನಿಕ ದಂಡೆಯು ಯಾರೂ ಉದ್ದೇಶಿಸಿ ಕೊಟ್ಟ ದಾನವಲ್ಲ. ಈಡೇರದ ಒಂದು ಯೋಜನೆಯ ಶೇಷ.

ವ್ಯಾಪಾರ ಕುಗ್ಗಿದರೂ ಕಚೇರಿಗಳು ಉಳಿದುವು. ಭಾರತೀಯರಲ್ಲಿ ಮೊತ್ತಮೊದಲು ಐ.ಸಿ.ಎಸ್. ಪದವಿ ಪಡೆದ ಸತ್ಯೇಂದ್ರನಾಥ ಠಾಕೂರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ೧೮೮೩ರಲ್ಲಿ ಅವರ ಬಳಿಗೆ ಬಂದ ತಮ್ಮ ರವೀಂದ್ರನಾಥರಿಗೆ ಆಗ ಇಪ್ಪತ್ತೆರಡರ ಪ್ರಾಯ. ಸಂಸಾರವನ್ನು ತೊರೆದ ಸಂನ್ಯಾಸಿಯೊಬ್ಬನು ಮಮತೆಯ ಮೂಲಕ ಮತ್ತೆ ಲೋಕಕ್ಕೆ ಮರಳುವ ವಸ್ತುವುಳ್ಳ ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕ ಇಲ್ಲಿ ರಚಿತವಾಗಿ ೧೮೮೪ರಲ್ಲಿ ಪ್ರಕಟವಾಯಿತು. ‘ಜೀವನಸ್ಮೃತಿ’ಯಲ್ಲಿ ಕವಿಯು ಬೆಟ್ಟಗಳು ಸುತ್ತುವರಿದ ಈ ಕೊಲ್ಲಿಯನ್ನೂ ದಂಡೆಯ ಗಾಳಿಮರದ ತೋಪನ್ನೂ ನೆನೆದಿದ್ದಾರೆ, ಬೆಳುದಿಂಗಳಿನ ರಾತ್ರಿ ಕಾಳಿ ನದಿಯಲ್ಲಿ ದೋಣಿಯೇರಿ ಹೋಗಿ, ಮರಳಿನ ಮೇಲೆ ನಡೆದು ಮನೆ ಸೇರಿದುದನ್ನೂ ಹೇಳಿದ್ದಾರೆ. ಇಂದು ದಂಡೆ ಅವರ ಹೆಸರನ್ನೇ ಹೊತ್ತಿದೆ. ಆದರೆ ಕವಿಯ ಹೆಸರೊಂದರಿಂದಲೇ ಈ ಸ್ಥಳದ ಚರಿತ್ರೆ ಪೂರ್ಣವಾಯಿತೆಂದು ತಿಳಿಯುವುದು ಸಲ್ಲದು.

ನಾವು ಅಲ್ಲಿಗೆ ಹೋದಾಗ ಮುಂಜಾನೆಯ ದಂಡೆಗೂ ಸಂಜೆಯ ದಂಡೆಗೂ ಇರುವ ಅಂತರವನ್ನು ಕಂಡೆವು. ಸಂಜೆ ಬರುವವರು ಪಟ್ಟಣಿಗರು ಮತ್ತು ಪ್ರವಾಸಿಗಳು. ಮರಳಿಗೂ ಊರಿಗೂ ನಡುವೆ ಹಾಯ್ದಿರುವ ರಾಷ್ಟ್ರೀಯ ಹೆದ್ದಾರಿಯ ಗದ್ದಲವನ್ನು ದಾಟಿ ಬಂದು, ಕಾಲು ನೆನೆಸಿ, ಕುಳಿತು ಮಾತಾಡಿ ಹೋಗುತ್ತಾರೆ. ಪ್ರವೇಶಕ್ಕೆ ಯಾರೂ ಕಾಸು ಕೇಳುವುದಿಲ್ಲ. ಮುಂಜಾನೆ ಅಲ್ಲಿರುವವರಿಗೆ ಆ ಮರಳು ವಿಹಾರಸ್ಥಳವಲ್ಲ, ದುಡಿಮೆಯ ಅಂಗಳ. ಹರಿಕಂತ್ರ, ಖಾರ್ವಿ, ಗಾಬಿತ ಸಮುದಾಯಗಳ ಮೀನುಗಾರರು ತಲೆಮಾರುಗಳಿಂದ ಈ ಕರಾವಳಿಯ ದಂಡೆಗಳನ್ನು ನಂಬಿ ಬದುಕಿದವರು. ದೋಣಿಯಿಂದ ಬಲೆಯನ್ನು ಕಮಾನಿನಂತೆ ಸುತ್ತಿಬಂದು ಎರಡೂ ತುದಿಗಳನ್ನು ಹತ್ತಾರು ಜನ ದಡದಲ್ಲಿ ನಿಂತು ಎಳೆಯುವ ರಾಂಪಣಿ ಪದ್ಧತಿಗೆ ಅಗಲವಾದ ತೆರೆದ ಮರಳು ಇಲ್ಲದೆ ಸಾಗದು. ೧೯೭೦ರ ದಶಕದಲ್ಲಿ ಯಂತ್ರದ ದೋಣಿಗಳ ಪರ್ಸೀನ್ ಬಲೆ ಬಂದಮೇಲೆ ರಾಂಪಣಿಯವರ ಗಳಿಕೆ ಕುಗ್ಗಿತು. ಕರಾವಳಿಯಲ್ಲಿ ದೊಡ್ಡ ವಿವಾದವೇ ಎದ್ದಿತು.

ಕೊಲ್ಲಿಯ ಆಶ್ರಯ ಮತ್ತೊಮ್ಮೆ ರಾಜ್ಯದ ಕಣ್ಣಿಗೆ ಬಿದ್ದುದು ನೌಕಾನೆಲೆಯ ರೂಪದಲ್ಲಿ. ೧೯೮೬ರಲ್ಲಿ ‘ಸೀಬರ್ಡ್’ ಯೋಜನೆಗೆ ಶಂಕುಸ್ಥಾಪನೆಯಾಯಿತು; ೨೦೦೫ರ ಮೇ ತಿಂಗಳಲ್ಲಿ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ದೇಶದ ರಕ್ಷಣೆಗೆ ಅದು ಅಗತ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದಕ್ಕಾಗಿ ಅರಗಾ ಮೊದಲಾದ ಊರುಗಳ ಜನ ನೆಲೆ ಬಿಟ್ಟು ಎದ್ದರು. ಪಟ್ಟಣದ ದಕ್ಷಿಣದ ದಂಡೆಗಳು ಸಾರ್ವಜನಿಕರಿಗೆ ಮುಚ್ಚಿದುವು. ಆದಕಾರಣ ಉಳಿದ ಪಟ್ಟಣದ ದಂಡೆಯ ಬೆಲೆ ಮೊದಲಿಗಿಂತ ಹೆಚ್ಚಾಯಿತು. ೨೦೨೦ರ ಜನವರಿಯಲ್ಲಿ ಬೈತಖೋಲ ಬಂದರಿನ ವಿಸ್ತರಣೆಗೆ ಅಲೆತಡೆಯ ಕೆಲಸ ಆರಂಭವಾದಾಗ ಮೀನುಗಾರರು ಬೀದಿಗಿಳಿದುದೂ ಪಟ್ಟಣಿಗರು ಅವರೊಡನೆ ನಿಂತುದೂ ಉಚ್ಚ ನ್ಯಾಯಾಲಯ ಆ ಕೆಲಸಕ್ಕೆ ತಡೆ ನೀಡಿದುದೂ ಈ ಹಿನ್ನೆಲೆಯಿಂದ ನೋಡಿದರೆ ಅರ್ಥವಾಗುತ್ತವೆ. ಮುಂಜಾನೆಯವರೂ ಸಂಜೆಯವರೂ ಆಗ ಒಂದಾದರು.

ಕಡಲದಂಡೆ ಯಾರದು ಎಂಬ ಪ್ರಶ್ನೆ ಬಹು ಹಳೆಯದು. ಮೆಡಿಟರೇನಿಯನ್ ಸಮುದ್ರದ ಸುತ್ತ ಬೆಳೆದ ರೋಮನ್ ನ್ಯಾಯಶಾಸ್ತ್ರ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದ್ದಿತು. ಜಸ್ಟಿನಿಯನ್ ಚಕ್ರವರ್ತಿಯು ೫೩೩ರಲ್ಲಿ ಹೊರಡಿಸಿದ ನ್ಯಾಯಗ್ರಂಥದ ಪ್ರಕಾರ ಗಾಳಿ, ಹರಿಯುವ ನೀರು, ಸಮುದ್ರ ಹಾಗೂ ಸಮುದ್ರದ ದಂಡೆ ಎಲ್ಲರಿಗೂ ಸಮಾನವಾದುವು. ದಂಡೆಯಲ್ಲಿ ಗುಡಿಸಲು ಹಾಕಲೂ ಬಲೆ ಒಣಗಿಸಲೂ ಯಾರಿಗಾದರೂ ಹಕ್ಕುಂಟು. ಆ ಸಮುದ್ರದ ತೀರದಲ್ಲಿಯೂ ಈ ತತ್ತ್ವ ಸದಾ ನಡೆಯಲಿಲ್ಲ. ಬಾರ್ಸಿಲೋನಾ ನಗರವು ಕಾರ್ಖಾನೆ ಮತ್ತು ರೈಲು ಹಳಿಗಳಿಂದ ತನ್ನ ಕಡಲಿಗೆ ಬೆನ್ನು ಮಾಡಿಕೊಂಡಿದ್ದು, ೧೯೯೨ರ ಒಲಿಂಪಿಕ್ ಕ್ರೀಡೆಗಳ ಸಂದರ್ಭದಲ್ಲಿ ಅವನ್ನು ತೆಗೆಸಿ, ಜನರಿಗೆ ಮರಳದಂಡೆಯನ್ನು ಹೊಸದಾಗಿ ಕಟ್ಟಿಕೊಡಬೇಕಾಯಿತು. ನಮ್ಮಲ್ಲಿ ೧೯೯೧ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ದಂಡೆಯ ಬಳಕೆಗೆ ಮಿತಿ ಹಾಕಿತು. ೧೯೯೬ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಬಿಯಾಸ್ ನದಿಯ ಮೊಕದ್ದಮೆಯೊಂದರಲ್ಲಿ, ಅದೇ ರೋಮನ್ ತತ್ತ್ವವನ್ನು ನೆನೆದು, ಇಂಥ ಸಂಪತ್ತಿಗೆ ಸರಕಾರವು ಒಡೆಯನಲ್ಲ, ಜನರ ಪರವಾಗಿ ಕಾಯುವ ಧರ್ಮದರ್ಶಿಯೆಂದು ನಿರ್ಣಯಿಸಿತು.

ಈ ವಿವೇಚನೆಯಿಂದ ಎರಡು ಅಂಶಗಳು ಸಿದ್ಧಿಸುತ್ತವೆ. ಕಾರವಾರದ ಕೊಲ್ಲಿಯ ಆಶ್ರಯವನ್ನು ಹತ್ತಿ, ನೌಕಾಪಡೆ, ಬಂದರು ಒಂದರ ತರುವಾಯ ಒಂದು ಬಯಸಿವೆ, ಮುಂದೆಯೂ ಬಯಸುವುವು. ಇದು ಮೊದಲನೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ದಂಡೆಯನ್ನು ಉಳಿಸಿದುದು ಆಕಸ್ಮಿಕ. ಈ ಶತಮಾನದಲ್ಲಿ ಅದನ್ನು ಉಳಿಸಬೇಕಾದುದು ತಿಳಿವಳಿಕೆ ಎಂಬುದು ಎರಡನೆಯದು. ಆದುದರಿಂದ ಘಟ್ಟದ ಮೇಲಿನ ನಮ್ಮ ಕಾಲೇಜುಗಳ ಅಧ್ಯಾಪಕರಲ್ಲಿ ನಮ್ಮ ವಿನಂತಿ ಇಷ್ಟು: ವಿದ್ಯಾರ್ಥಿಗಳನ್ನು ಕಾರವಾರಕ್ಕೆ ಕರೆದೊಯ್ಯುವವರು ಸಂಜೆ ಒಂದರಿಂದಲೇ ತೃಪ್ತರಾಗದೆ ಬೆಳಗಿನ ದಂಡೆಯನ್ನೂ ತೋರಿಸಲಿ, ಕಡವಾಡ, ಸದಾಶಿವಗಡ, ಬೈತಖೋಲಗಳನ್ನು ಒಂದೇ ದಿನದಲ್ಲಿ ಸುತ್ತಿಸಲಿ, ಬಲೆ ಎಳೆಯುವ ಹಿರಿಯರ ಮಾತುಗಳನ್ನು ವಿದ್ಯಾರ್ಥಿಗಳಿಂದ ಬರೆದಿಡಿಸಲಿ. ಹಡಗುಗಳ ಲೆಕ್ಕ ಸರಕಾರದ ಕಡತಗಳಲ್ಲಿ ಸಿಕ್ಕೀತು. ದಂಡೆಯನ್ನು ಬಳಸಿದವರ ಲೆಕ್ಕ ಅವರ ನೆನಪಿನಲ್ಲಿ ಮಾತ್ರ ಉಳಿದಿದೆ.