ಕ್ಲೋಜ್ ಪರೀಕ್ಷೆ

ಗದ್ಯಭಾಗವೊಂದರಲ್ಲಿ ಲೆಕ್ಕ ಹಿಡಿದು, ಉದಾಹರಣೆಗೆ ಪ್ರತಿ ಐದನೆಯ ಪದವನ್ನು ತೆಗೆದುಹಾಕಿ, ಆ ಜಾಗಗಳನ್ನು ಓದುವವರಿಂದ ತುಂಬಿಸುವ ಪರೀಕ್ಷಾ ವಿಧಾನ. ಇಂಗ್ಲಿಷ್ ಕಲಿಕೆಯ ವಲಯದಲ್ಲಿ ಈ ಹೆಸರು ಬಹಳ ಸಡಿಲವಾಗಿ ಬಳಕೆಯಾಗುತ್ತಿದೆ. ನಮ್ಮ ಪ್ರಶ್ನೆಪತ್ರಿಕೆಗಳ ‘ಬಿಟ್ಟ ಸ್ಥಳ ತುಂಬಿರಿ’ ಸಾಮಾನ್ಯವಾಗಿ ಕ್ಲೋಜ್ ಅಲ್ಲ; ಅಲ್ಲಿ ಯಾವ ಪದ ಬಿಡಬೇಕೆಂದು ಮೇಷ್ಟ್ರು ಯೋಚಿಸಿ ಆರಿಸಿರುತ್ತಾರೆ.

ವಿಧಾನದ ಬೇರು ಜರ್ಮನಿಯಲ್ಲಿದೆ. ಬ್ರೆಸ್ಲೌ ನಗರದ (ಇಂದು ಪೋಲೆಂಡಿನಲ್ಲಿದೆ) ಶಾಲಾಮಕ್ಕಳು ದೀರ್ಘ ಪಾಠದ ಅವಧಿಯಲ್ಲಿ ಎಷ್ಟು ದಣಿಯುತ್ತಾರೆಂದು ತಿಳಿಯಲು ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ಅಕ್ಷರ, ಪದಗಳನ್ನು ಅಳಿಸಿದ ಗದ್ಯವನ್ನು ಅವರ ಮುಂದಿಟ್ಟು, 1897ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದಕ್ಕೆ ‘ಸಂಯೋಜನಾ ವಿಧಾನ’ ಎಂಬರ್ಥದ ಹೆಸರಿತ್ತು.

‘ಕ್ಲೋಜ್’ ಎಂಬ ಪದವನ್ನು ಟಂಕಿಸಿದವರು ಅಮೆರಿಕದ ವಿಲ್ಸನ್ ಟೇಲರ್. 1953ರಲ್ಲಿ ಪತ್ರಿಕೋದ್ಯಮದ ಸಂಶೋಧನಾ ನಿಯತಕಾಲಿಕದಲ್ಲಿ ಅವರ ಲೇಖನ ಬಂತು. ಅಪೂರ್ಣ ಆಕೃತಿಯನ್ನು ಮನಸ್ಸು ತಾನೇ ಪೂರ್ತಿ ಮಾಡಿಕೊಳ್ಳುತ್ತದೆ ಎಂಬ ಗೆಸ್ಟಾಲ್ಟ್ ಪಂಥದ ‘ಕ್ಲೋಷರ್’ ಕಲ್ಪನೆಯಿಂದ ಆ ಹೆಸರು ಹುಟ್ಟಿತು. ಇಲ್ಲಿ ಗಮನಿಸಬೇಕಾದದ್ದು, ಟೇಲರ್ ಅಳೆಯಹೊರಟಿದ್ದು ಬರಹವನ್ನು, ಓದುಗನನ್ನಲ್ಲ: ಒಂದು ಬರಹ ಎಷ್ಟು ಸುಲಭವಾಗಿ ಓದಿಸಿಕೊಳ್ಳುತ್ತದೆ ಎಂಬುದು ಅವರ ಪ್ರಶ್ನೆ. ಆದ್ದರಿಂದ ಮೂಲದಲ್ಲಿದ್ದ ಪದವನ್ನೇ ಬರೆದರೆ ಮಾತ್ರ ಅಂಕ. ‘ಅಮ್ಮ ಒಲೆಯ ಮೇಲೆ ____ ಇಟ್ಟಳು’ ಎಂಬಲ್ಲಿ ಮೂಲಪದ ‘ಹಾಲು’ ಆಗಿದ್ದರೆ ‘ಪಾತ್ರೆ’ಗೆ ಸೊನ್ನೆ. ಬರಹ ಅಳೆಯುವಾಗ ಇದರಿಂದ ಯಾರಿಗೂ ನಷ್ಟವಿರಲಿಲ್ಲ. ಅದೇ ನಿಯಮವನ್ನು ಕಲಿಯುವವರ ಮೇಲೆ ಹೇರಿದಾಗ ಅನ್ಯಾಯವಾಯಿತು. ಒಪ್ಪುವ ಪದಕ್ಕೂ ಅಂಕ ಕೊಡುವ ಕ್ರಮ ಬಂದದ್ದು ಅದಕ್ಕಾಗಿಯೇ.

1970ರ ದಶಕದಲ್ಲಿ ಜಾನ್ ಆಲರ್, ಕ್ಲೋಜ್ ಪರೀಕ್ಷೆ ಒಟ್ಟಾರೆ ಭಾಷಾ ಸಾಮರ್ಥ್ಯವನ್ನೇ ಅಳೆಯುತ್ತದೆಂದು ವಾದಿಸಿ ಅದನ್ನು ಎರಡನೆಯ ಭಾಷೆಯ ತರಗತಿಗಳಲ್ಲಿ ಜನಪ್ರಿಯಗೊಳಿಸಿದರು. ಎಲ್ಲ ಸಾಮರ್ಥ್ಯವೂ ಒಂದೇ ಎಂಬ ಅವರ ನಿಲುವು ಮುಂದೆ ಉಳಿಯಲಿಲ್ಲ. ಶಬ್ದಸಂಪತ್ತಿನ ಪರೀಕ್ಷೆಯಾಗಿಯೂ ಇದಕ್ಕೆ ದೊಡ್ಡ ಮಿತಿಯಿದೆ. ಐದನೆಯ ಪದ ಎಂದು ಎಣಿಸುತ್ತ ಹೋದರೆ ‘ದಿ’, ‘ಆಫ್’, ‘ಟು’ಗಳೂ ಅಳಿಯುತ್ತವೆ, ಆಗ ಪರೀಕ್ಷೆಗೊಳಗಾಗುವುದು ವ್ಯಾಕರಣ. ಕನ್ನಡದಲ್ಲಿ ತೊಡಕು ಬೇರೆ ಬಗೆಯದು: ‘ಮನೆಯಲ್ಲಿ’ ಅಳಿದರೆ ನಾಮಪದ, ವಿಭಕ್ತಿ ಎರಡನ್ನೂ ಒಟ್ಟಿಗೆ ಊಹಿಸಬೇಕು.

1981ರಲ್ಲಿ ಜರ್ಮನಿಯ ಕ್ರಿಸ್ಟಿನ್ ಕ್ಲೈನ್-ಬ್ರೇಲಿ ಮತ್ತು ಉಲ್ರಿಚ್ ರಾಟ್ಸ್ ‘ಸಿ-ಟೆಸ್ಟ್’ ರೂಪಿಸಿದರು. ಇದರಲ್ಲಿ ಒಂದು ಪದ ಬಿಟ್ಟು ಒಂದು ಪದದ ಉತ್ತರಾರ್ಧವನ್ನಷ್ಟೇ ಅಳಿಸುತ್ತಾರೆ. ಉಳಿದ ಅರ್ಧ ಸುಳಿವಾಗುವುದರಿಂದ ಹಲವು ಉತ್ತರಗಳ ಗೊಂದಲ ಬಹುಮಟ್ಟಿಗೆ ತಪ್ಪುತ್ತದೆ.

ಹೆಸರಿನ ಗೊಂದಲ ಬಿಡಿಸಲು ಬ್ರಿಟನ್ನಿನ ಚಾರ್ಲ್ಸ್ ಆಲ್ಡರ್ಸನ್ ಪ್ರಯತ್ನಿಸಿದರು. ಎಣಿಸಿ ಅಳಿಸಿದ್ದು ಕ್ಲೋಜ್, ಆರಿಸಿ ಅಳಿಸಿದ್ದು ‘ಗ್ಯಾಪ್-ಫಿಲ್’ ಎಂಬುದು ಅವರ ವಿಂಗಡಣೆ. ಒಂದು ಪಾಠದ ಹೊಸ ಪದಗಳು ಮಕ್ಕಳಿಗೆ ತಿಳಿದಿವೆಯೇ ಎಂದು ನೋಡಬಯಸುವ ಶಿಕ್ಷಕರಿಗೆ ಬೇಕಿರುವುದು ಗ್ಯಾಪ್-ಫಿಲ್. ಸಾಲುಗಳ ಕೆಳಗೆ ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸಲು ಹೇಳಿದರೆ ಅದು ‘ಮಲ್ಟಿಪಲ್ ಚಾಯ್ಸ್’. ಆಲ್ಡರ್ಸನ್ನರ ವಿಂಗಡಣೆ ಎಲ್ಲೆಡೆ ನೆಲೆಯೂರಿಲ್ಲ. ಕೇಂಬ್ರಿಜ್‌ನ ಇಂಗ್ಲಿಷ್ ಪರೀಕ್ಷೆಗಳಲ್ಲಿ ಪರೀಕ್ಷಕರೇ ಆರಿಸಿ ಅಳಿಸಿದ ಭಾಗವನ್ನು ಇಂದಿಗೂ ‘ಓಪನ್ ಕ್ಲೋಜ್’ ಎಂದೇ ಕರೆಯುತ್ತಾರೆ.