ಚಾಂಪಿಯನ್ನರು ಇಳಿದ ವರ್ಷ: ನ್ಯೂರೆಂಬರ್ಗ್, 1968-69

ಜರ್ಮನಿಯ ಫುಟ್ಬಾಲ್ ಲೀಗ್ ಬುಂಡೆಸ್‌ಲಿಗಾ ಶುರುವಾದದ್ದು 1963ರಲ್ಲಿ. ಅಲ್ಲಿಂದೀಚೆಗೆ ಹಾಲಿ ಚಾಂಪಿಯನ್ ತಂಡವೊಂದು ಮರುವರ್ಷವೇ ಕೆಳದರ್ಜೆಗೆ ಜಾರಿದ್ದು ಒಂದೇ ಒಂದು ಸಲ. 1968ರಲ್ಲಿ ಗೆದ್ದು 1969ರಲ್ಲಿ ಇಳಿದ ಆ ತಂಡದ ಹೆಸರು 1. ಎಫ್‌ಸಿ ನ್ಯೂರೆಂಬರ್ಗ್. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ: ತರಬೇತುದಾರನ ಅಹಂಕಾರ ತಂಡವನ್ನು ಮುಳುಗಿಸಿತು. ಆ ವರ್ಷದ ಅಂಕಪಟ್ಟಿಯನ್ನು ಎದುರಿಗಿಟ್ಟುಕೊಂಡು ಕೂತಾಗ ನನಗೆ ಆ ಸಾಲು ಸುಳ್ಳೆನಿಸಲಿಲ್ಲ, ಆದರೆ ಸಾಲದೆನಿಸಿತು. ಒಂದು ಪತನಕ್ಕೆ ಚರಿತ್ರೆ ಕಾರಣಗಳನ್ನು ಹೇಗೆ ಹುಡುಕುತ್ತದೆ, ಎಷ್ಟು ಬೇಗ ಹುಡುಕಾಟ ನಿಲ್ಲಿಸುತ್ತದೆ ಎಂಬುದನ್ನು ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಕಡಿಮೆ.

ನ್ಯೂರೆಂಬರ್ಗ್ ಎಂದರೆ ನಮಗೆ ಮೊದಲು ನೆನಪಾಗುವುದು ಮಹಾಯುದ್ಧದ ನಂತರ ನಾಜಿ ನಾಯಕರ ವಿಚಾರಣೆ ನಡೆದ ನ್ಯಾಯಾಲಯ. ಜರ್ಮನಿಯ ಫುಟ್ಬಾಲ್ ಪ್ರೇಮಿಗಳಿಗೆ ಅದು ಬೇರೆಯದೇ ಊರು. ಅಲ್ಲಿನವರು ತಮ್ಮ ತಂಡವನ್ನು ಉದ್ದ ಹೆಸರಿನಿಂದ ಕರೆಯುವುದಿಲ್ಲ, ಸುಮ್ಮನೆ 'ಕ್ಲಬ್' ಎನ್ನುತ್ತಾರೆ, ಜಗತ್ತಿನಲ್ಲಿ ಇನ್ನೊಂದು ಕ್ಲಬ್ ಇಲ್ಲವೇ ಇಲ್ಲವೆಂಬಂತೆ. ಆ ಬಿಂಕಕ್ಕೆ ಆಧಾರವೂ ಇತ್ತು. 1920ರ ದಶಕವೊಂದರಲ್ಲೇ ಐದು ಬಾರಿ, ನಂತರ 1936, 1948, 1961ರಲ್ಲಿ ಅದು ರಾಷ್ಟ್ರೀಯ ಚಾಂಪಿಯನ್ ಆಗಿತ್ತು. 1968ರದು ಒಂಬತ್ತನೆಯ ಪಟ್ಟ. ಆಗ ಜರ್ಮನಿಯಲ್ಲಿ ಅಷ್ಟು ಪಟ್ಟ ಗೆದ್ದ ತಂಡ ಬೇರೊಂದಿರಲಿಲ್ಲ. ಇಂದು ಎಲ್ಲರ ಬಾಯಲ್ಲಿರುವ ಬಯರ್ನ್ ಮ್ಯೂನಿಕ್ ಬಳಿ ಆಗ ಇದ್ದದ್ದು 1932ರ ಒಂದೇ ಒಂದು ಪಟ್ಟ. ಅದರ ಫೈನಲ್ ನಡೆದದ್ದೂ ನ್ಯೂರೆಂಬರ್ಗಿನಲ್ಲೇ.

ಒಂಬತ್ತನೆಯ ಪಟ್ಟವನ್ನು ತಂದುಕೊಟ್ಟವನು ಮ್ಯಾಕ್ಸ್ ಮೆರ್ಕೆಲ್. ವಿಯೆನ್ನಾದವನು, 1918ರಲ್ಲಿ ಹುಟ್ಟಿದವನು. ಆಟಗಾರನಾಗಿ ಜರ್ಮನಿಗೂ ಆಸ್ಟ್ರಿಯಾಕ್ಕೂ ಒಂದೊಂದು ಪಂದ್ಯ ಆಡಿದ್ದ. ಆ ಕಾಲದ ರಾಜಕೀಯ ಭೂಪಟ ಹೇಗೆ ಅಳಿಸಿ ಬರೆಯಲ್ಪಡುತ್ತಿತ್ತು ಎಂಬುದಕ್ಕೆ ಅದೇ ಸಾಕ್ಷಿ. 1966ರಲ್ಲಿ ಮ್ಯೂನಿಕ್‌ನ ಇನ್ನೊಂದು ತಂಡವಾದ 1860 ಮ್ಯೂನಿಕ್ ಅನ್ನು ಚಾಂಪಿಯನ್ ಮಾಡಿದ್ದವನು 1967ರ ಜನವರಿಯಲ್ಲಿ ಕುಸಿಯುತ್ತಿದ್ದ ನ್ಯೂರೆಂಬರ್ಗಿಗೆ ಬಂದ. ಒಂದು ಕೈಯಲ್ಲಿ ಬೆಲ್ಲ, ಇನ್ನೊಂದರಲ್ಲಿ ಬಾರುಕೋಲು ಎಂಬುದು ಅವನ ಖ್ಯಾತಿ. ಚುಚ್ಚುಮಾತು, ಕಠಿಣ ತಾಲೀಮು, ಪತ್ರಕರ್ತರಿಗೆ ಬೇಕಾದ ಹಾಗೆ ನಾಲ್ಕು ಹಾಸ್ಯದ ಮಾತು. ಒಂದೂವರೆ ವರ್ಷದಲ್ಲಿ ಅವನು ತಂಡವನ್ನು ನೆಲದಿಂದ ಶಿಖರಕ್ಕೆ ಏರಿಸಿದ.

ಆ ಏರಿಕೆಯ ನೆತ್ತಿ 1967ರ ಡಿಸೆಂಬರ್ 2ರ ಪಂದ್ಯ. ಅಂದು ನ್ಯೂರೆಂಬರ್ಗ್ ಬಯರ್ನ್ ಮ್ಯೂನಿಕ್ ತಂಡವನ್ನು 7-3ರಿಂದ ಸೋಲಿಸಿತು. ಎದುರಿಗಿದ್ದದ್ದು ಬೆಕೆನ್‌ಬವರ್, ಗೆರ್ಡ್ ಮ್ಯೂಲರ್, ಗೋಲ್‌ಕೀಪರ್ ಸೆಪ್ ಮೈಯರ್ ಇದ್ದ ತಂಡ. ಏಳರಲ್ಲಿ ಐದು ಗೋಲು ಹೊಡೆದವನು ಫ್ರಾಂಜ್ ಬ್ರುಂಗ್ಸ್. ತಲೆಯಿಂದ ಚೆಂಡು ಹೊಡೆಯುವುದರಲ್ಲಿ ಅವನದು ಎತ್ತಿದ ಕೈ. ಆ ವರ್ಷ ಲೀಗ್‌ನಲ್ಲಿ ಅವನು ಒಟ್ಟು 25 ಗೋಲು ಹೊಡೆದ.

ಗೆದ್ದ ಬೇಸಿಗೆಯಲ್ಲೇ ಮೆರ್ಕೆಲ್ ತಂಡವನ್ನು ಬಿಚ್ಚಿ ಹರಡಿದ. ಬ್ರುಂಗ್ಸ್ ಮತ್ತು ಕಾರ್ಲ್-ಹೈಂಟ್ಸ್ ಫೆರ್ಶ್ಲ್ ಬರ್ಲಿನ್‌ನ ಹೆರ್ಥಾ ತಂಡಕ್ಕೆ ಹೋದರು. ಆಸ್ಟ್ರಿಯಾದ ಮಿಡ್‌ಫೀಲ್ಡರ್ ಆಗಸ್ಟ್ ಸ್ಟಾರೆಕ್ ಬಯರ್ನ್ ಸೇರಿದ. ಅವರ ಜಾಗಕ್ಕೆ ಸುಮಾರು ಒಂದು ಡಜನ್ ಹೊಸಬರು ಬಂದರು. ಗೆದ್ದ ತಂಡಕ್ಕೆ ವಯಸ್ಸಾಗಿದೆ, ಮುಂದಿನ ವರ್ಷಕ್ಕೆ, ಅದರಲ್ಲೂ ಯುರೋಪಿನ ಚಾಂಪಿಯನ್ನರ ಕಪ್‌ಗೆ, ಹೊಸ ರಕ್ತ ಬೇಕು ಎಂಬುದು ಅವನ ಲೆಕ್ಕ.

ಇಲ್ಲಿ ಸ್ವಲ್ಪ ನಿಲ್ಲೋಣ. ಮುಂದೇನಾಯಿತು ಎಂದು ಗೊತ್ತಿರುವ ನಮಗೆ ಇದು ಶುದ್ಧ ಹುಚ್ಚುತನ. 1968ರ ಬೇಸಿಗೆಯಲ್ಲಿ ಕೂತವನಿಗೆ? ಬ್ರುಂಗ್ಸ್‌ಗೆ ಆಗ 31 ವರ್ಷ. ಮುಂಚೂಣಿ ಆಟಗಾರನೊಬ್ಬ ಬದುಕಿನ ಅತ್ಯುತ್ತಮ ವರ್ಷ ಮುಗಿಸಿದಾಗಲೇ ಅವನನ್ನು ಬಿಟ್ಟುಕೊಡುವುದು ವ್ಯಾಪಾರದ ದೃಷ್ಟಿಯಿಂದ ಜಾಣತನವೇ. ತಂಡ ಮುದಿಯಾಗುವ ಮುನ್ನ ಬದಲಿಸಬೇಕು ಎಂಬ ಮಾತನ್ನು ಇಂದಿಗೂ ಎಲ್ಲ ತರಬೇತುದಾರರೂ ಹೇಳುತ್ತಾರೆ. ಒಬ್ಬನನ್ನು ಬದಲಿಸಿದರೆ ಹಳಬರು ಹೊಸಬನಿಗೆ ದಾರಿ ತೋರಿಸುತ್ತಾರೆ. ಹನ್ನೆರಡು ಮಂದಿಯನ್ನು ಒಟ್ಟಿಗೆ ತಂದರೆ ದಾರಿ ತೋರಿಸುವವರು ಯಾರು? ಮೆರ್ಕೆಲ್ ಎಡವಿದ್ದು ಬದಲಿಸಬೇಕೆಂಬ ವಿಚಾರದಲ್ಲಲ್ಲ, ಬದಲಿಸಿದ ಪ್ರಮಾಣದಲ್ಲಿ.

ಯುರೋಪಿನ ಕನಸು ಮೊದಲು ಮುರಿಯಿತು. ಮೊದಲ ಸುತ್ತಿನಲ್ಲೇ ಎದುರಾದದ್ದು ಆಮ್‌ಸ್ಟರ್‌ಡ್ಯಾಮ್‌ನ ಅಯಾಕ್ಸ್. ತವರಿನಲ್ಲಿ 1-1, ಅಲ್ಲಿ 0-4. ಅಯಾಕ್ಸ್ ಆ ವರ್ಷ ಫೈನಲ್‌ವರೆಗೂ ಹೋಯಿತೆಂಬುದು ಸಣ್ಣ ಸಮಾಧಾನ. ವಿಚಿತ್ರವೆಂದರೆ ಜರ್ಮನ್ ಕಪ್‌ನಲ್ಲಿ ಇದೇ ತಂಡ ಸೆಮಿಫೈನಲ್ ತಲುಪಿತು. ಅಲ್ಲಿ ಬಯರ್ನ್ ಎದುರು 0-2ರಿಂದ ಸೋತಿತು. ಒಂದೇ ಪಂದ್ಯದಲ್ಲಿ ತೀರ್ಮಾನವಾಗುವ ಕಪ್‌ನಲ್ಲಿ ಒಂದು ಒಳ್ಳೆಯ ಮಧ್ಯಾಹ್ನ ಸಾಕು. ಲೀಗ್ ಹಾಗಲ್ಲ. 34 ಪಂದ್ಯಗಳ ಉದ್ದಕ್ಕೂ ಒಬ್ಬರ ಓಟ ಇನ್ನೊಬ್ಬರಿಗೆ ಅರ್ಥವಾಗುತ್ತಿರಬೇಕು. ಆ ಅರ್ಥವಾಗುವಿಕೆಯೇ ಮಾರಾಟವಾಗಿ ಹೋಗಿತ್ತು.

ನಮ್ಮ ಐಪಿಎಲ್‌ನಲ್ಲಿ ಕೊನೆಗೆ ಬಿದ್ದ ತಂಡವೂ ಮರುವರ್ಷ ಅದೇ ಅಂಗಳದಲ್ಲಿರುತ್ತದೆ. ಬುಂಡೆಸ್‌ಲಿಗಾದಲ್ಲಿ ಆಗ 18 ತಂಡಗಳು, ಕೊನೆಯ ಎರಡು ಕೆಳಕ್ಕೆ. ಕೆಳಗೆ ರಾಷ್ಟ್ರಮಟ್ಟದ ಎರಡನೇ ದರ್ಜೆಯೂ ಇರಲಿಲ್ಲ, ಇದ್ದವು ಐದು ಪ್ರಾದೇಶಿಕ ಲೀಗ್‌ಗಳು. ಅಲ್ಲಿ ಮುಂದೆ ಬಂದವರು ಇನ್ನೊಂದು ಸುತ್ತಿನಲ್ಲಿ ಸೆಣಸಿ ಮೇಲೆ ಬರಬೇಕಿತ್ತು. ಇಳಿಯುವುದೆಂದರೆ ಆದಾಯ, ಆಟಗಾರರು, ಹೆಸರು ಮೂರನ್ನೂ ಕಳೆದುಕೊಳ್ಳುವುದು. ಎರಡು ವರ್ಷಗಳ ನಂತರ, 1971ರಲ್ಲಿ, ಇಳಿಯುವ ಭಯದಿಂದಲೇ ಪಂದ್ಯಗಳನ್ನು ದುಡ್ಡಿಗೆ ಮಾರಿ ಕೊಂಡ ಹಗರಣ ಜರ್ಮನಿಯನ್ನು ಅಲುಗಾಡಿಸಿತು.

1969ರ ಮಾರ್ಚ್‌ನಲ್ಲಿ ಕ್ಲಬ್ ಮೆರ್ಕೆಲ್‌ನನ್ನು ವಜಾ ಮಾಡಿತು. ರೊಬರ್ಟ್ ಕ್ಯೋರ್ನರ್, ಆಮೇಲೆ ಕುನೊ ಕ್ಲ್ಯೋಟ್ಸರ್ ತಂಡದ ಹೊಣೆ ಹೊತ್ತರು. ಎಲ್ಲವೂ ಕೊನೆಯ ದಿನಕ್ಕೆ ಬಂದು ನಿಂತಿತು. ಜೂನ್ 7ರಂದು ಕಲೋನ್ ನಗರದಲ್ಲಿ ಎದುರಾಳಿ 1. ಎಫ್‌ಸಿ ಕಲೋನ್. ಹಿಂದಿನ ವರ್ಷ ಜರ್ಮನ್ ಕಪ್ ಗೆದ್ದಿದ್ದ ತಂಡ ಅದು. ಹಿಂದಿನ ವರ್ಷದ ಲೀಗ್ ಚಾಂಪಿಯನ್ ಮತ್ತು ಹಿಂದಿನ ವರ್ಷದ ಕಪ್ ವಿಜೇತ, ಇಬ್ಬರೂ ಉಳಿವಿಗಾಗಿ ಒಂದೇ ಮೈದಾನದಲ್ಲಿ ಬಡಿದಾಡಿದರು. ಕಲೋನ್ 3-0ರಿಂದ ಗೆದ್ದು ಉಳಿಯಿತು. ನ್ಯೂರೆಂಬರ್ಗ್ 29 ಅಂಕಗಳೊಂದಿಗೆ 17ನೆಯ ಸ್ಥಾನಕ್ಕೆ ಬಿದ್ದು ಇಳಿಯಿತು.

ಈಗ ಆ ಅಂಕಪಟ್ಟಿಗೆ ಬರುತ್ತೇನೆ. ಗೆಲುವಿಗೆ ಎರಡು ಅಂಕ, ಡ್ರಾಗೆ ಒಂದು ಎಂಬ ಲೆಕ್ಕದ ಕಾಲ. ಚಾಂಪಿಯನ್ ಬಯರ್ನ್‌ಗೆ 46 ಅಂಕ, ಎರಡನೆಯ ಸ್ಥಾನದ ಆಹೆನ್‌ಗೆ 38. ಎರಡನೆಯವರಿಗೂ ಹದಿನೇಳನೆಯವರಿಗೂ ನಡುವೆ ಇದ್ದದ್ದು ಬರೇ ಒಂಬತ್ತು ಅಂಕ. ಅಂದರೆ ಮೇಲಿನ ಬಯರ್ನ್ ಒಂದನ್ನು ಬಿಟ್ಟರೆ ಉಳಿದ ಲೀಗ್ ಪೂರ್ತಿ ಒಂದೇ ಹಗ್ಗಕ್ಕೆ ಜೋತುಬಿದ್ದಿತ್ತು. ಬ್ರುಂಗ್ಸ್ ಹೋದ ಹೆರ್ಥಾ ತಂಡ ಕೂಡ 32 ಅಂಕಗಳಲ್ಲಿ, ಮೂರೇ ಅಂಕದ ಅಂತರದಲ್ಲಿ, ಬಚಾವಾಯಿತು. ಇನ್ನೆರಡು ಗೆಲುವು ಸಿಕ್ಕಿದ್ದರೆ ನಾವು ಮೆರ್ಕೆಲ್‌ನನ್ನು ಅಹಂಕಾರಿ ಎನ್ನುತ್ತಿದ್ದೆವೋ, ಹೊಸ ತಂಡ ಕಟ್ಟಲು ಧೈರ್ಯ ಮಾಡಿದವನು ಎನ್ನುತ್ತಿದ್ದೆವೋ? ಅವನ ತೀರ್ಮಾನ ತಂಡವನ್ನು ದುರ್ಬಲಗೊಳಿಸಿದ್ದು ನಿಜ. ದುರ್ಬಲ ತಂಡವನ್ನು ಆ ವರ್ಷವೇ ಕೆಳಗೆ ನೂಕಿದ್ದರಲ್ಲಿ ಈ ಇಕ್ಕಟ್ಟಾದ ಪಟ್ಟಿಯ ಪಾಲೂ ಇದೆ. ಜೊತೆಗೆ, ಆಟಗಾರರ ಮಾರಾಟಕ್ಕೆ ಒಪ್ಪಿದ ಆಡಳಿತ ಮಂಡಳಿ ಕಥೆಯಿಂದ ಸದ್ದಿಲ್ಲದೆ ಜಾರಿಕೊಳ್ಳುತ್ತದೆ. ಎದ್ದು ಕಾಣುವ ವ್ಯಕ್ತಿಯೊಬ್ಬನಿದ್ದರೆ ಚರಿತ್ರೆಗೆ ಅವನ ಹಿಂದೆ ನಿಂತವರು ಕಾಣುವುದಿಲ್ಲ.

ಆ ವರ್ಷದ ಇನ್ನೊಂದು ಸಂಖ್ಯೆ ಮೆರ್ಕೆಲ್ ವಿರುದ್ಧ ಬಲವಾಗಿ ಸಾಕ್ಷಿ ಹೇಳುತ್ತದೆ. ಬ್ರಾಂಕೊ ಜೆಬೆಚ್ ತರಬೇತಿಯಲ್ಲಿ ಬಯರ್ನ್ ಇಡೀ ಲೀಗ್‌ನಲ್ಲಿ ಬಳಸಿದ್ದು 13 ಆಟಗಾರರನ್ನು ಮಾತ್ರ. ಒಂದು ಊರಿನಲ್ಲಿ ಹತ್ತಿರ ಹತ್ತಿರ ಅಷ್ಟೇ ಮಂದಿ ಹೊಸಬರು ಬಂದರು, ಇನ್ನೊಂದು ಊರಿನಲ್ಲಿ ಅಷ್ಟೇ ಮಂದಿ ವರ್ಷವಿಡೀ ಆಡಿದರು. ಆ ಹದಿಮೂರರಲ್ಲಿ ಒಬ್ಬ ಸ್ಟಾರೆಕ್. ನ್ಯೂರೆಂಬರ್ಗಿಗೆ ಬೇಡವಾದವನು ಸತತ ಎರಡು ವರ್ಷ ಎರಡು ತಂಡಗಳಲ್ಲಿ ಚಾಂಪಿಯನ್ ಆದ. ಬಯರ್ನ್ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದಿತು.

ನ್ಯೂರೆಂಬರ್ಗ್ ಮೇಲಕ್ಕೆ ಬರಲು ಒಂಬತ್ತು ವರ್ಷ ಬೇಕಾಯಿತು. 1976ರಲ್ಲಿ ಬಾಗಿಲವರೆಗೆ ಬಂದು ಡಾರ್ಟ್‌ಮುಂಡ್ ಎದುರು ಸೋತಿತು. 1978ರಲ್ಲಿ ಒಳಗೆ ಬಂತು, 1979ರಲ್ಲಿ ಮತ್ತೆ ಇಳಿಯಿತು. ಮೆರ್ಕೆಲ್ ಮಾತ್ರ ಸ್ಪೇನ್‌ಗೆ ಹೋಗಿ 1973ರಲ್ಲಿ ಅಟ್ಲೆಟಿಕೊ ಮಾಡ್ರಿಡ್ ತಂಡವನ್ನು ಚಾಂಪಿಯನ್ ಮಾಡಿದ. ತನ್ನ ಆತ್ಮಕಥನಕ್ಕೆ ಅವನಿಟ್ಟ ಜರ್ಮನ್ ಹೆಸರಿನ ಅರ್ಥ ಹೆಚ್ಚು ಕಡಿಮೆ ಹೀಗೆ: ನೇಮಕ, ಸನ್ಮಾನ, ವಜಾ. ಒಬ್ಬ ವ್ಯಕ್ತಿ ತನ್ನ ಸೋಲನ್ನು ಮೂರು ಪದದ ತಮಾಷೆ ಮಾಡಿಕೊಂಡು ಮುಂದಿನ ಊರಿಗೆ ನಡೆಯಬಲ್ಲ. ಊರು ಎಲ್ಲಿಗೆ ಹೋದೀತು? ಅದು ಅಲ್ಲೇ ಉಳಿದು, ಪ್ರತಿ ಶನಿವಾರ ಮೈದಾನಕ್ಕೆ ಬಂದು, ಆ ಸೋಲಿನೊಂದಿಗೇ ಬಾಳಬೇಕು.

ಬಯರ್ನ್ 1987ರಲ್ಲಿ ಹತ್ತನೆಯ ಪಟ್ಟ ಗೆದ್ದು ನ್ಯೂರೆಂಬರ್ಗನ್ನು ಹಿಂದಿಕ್ಕಿತು. ಈಗ ಅದರ ಪಟ್ಟಗಳು 30 ದಾಟಿವೆ. ನ್ಯೂರೆಂಬರ್ಗಿನವು ಇಂದಿಗೂ ಒಂಬತ್ತೇ. ಆ ಊರಿನವರು ತಮ್ಮ ಆಡುನುಡಿಯಲ್ಲಿ ಒಂದು ಮಾತು ಕಟ್ಟಿಕೊಂಡಿದ್ದಾರೆ, ನಮ್ಮ ಕ್ಲಬ್ ಒಂದು ಪೆದ್ದು ಎಂದು. ಅದರಲ್ಲಿ ಬೈಗುಳ ಎಷ್ಟೋ ಮಮತೆಯೂ ಅಷ್ಟೇ, ಮನೆಯ ಮಗನನ್ನು ಬೈಯುವ ಹಾಗೆ. 2007ರಲ್ಲಿ ಕ್ಲಬ್ ಹೆಚ್ಚುವರಿ ಸಮಯದಲ್ಲಿ ಸ್ಟುಟ್‌ಗಾರ್ಟ್ ತಂಡವನ್ನು 3-2ರಿಂದ ಸೋಲಿಸಿ ಜರ್ಮನ್ ಕಪ್ ಎತ್ತಿತು. ಊರು ಕುಣಿಯಿತು. ಮರುವರ್ಷ, 2008ರಲ್ಲಿ, ಹಾಲಿ ಕಪ್ ವಿಜೇತರು ಕೆಳದರ್ಜೆಗೆ ಇಳಿದರು. ಈ ಸಲ ದೂರಲು ಮೆರ್ಕೆಲ್ ಇರಲಿಲ್ಲ.