ವಿಚಾರಿಸಿ ಆರಿಸಿಕೊಂಡ ಧರ್ಮ



ನಮ್ಮ ಭಾಷೆಯಲ್ಲಿ ‘ಮತ’ವೆಂಬ ಮಾತಿಗೆ ಎರಡು ಅರ್ಥಗಳುಂಟು. ಒಬ್ಬನು ವಿಚಾರಮಾಡಿ ತಳೆದ ಅಭಿಪ್ರಾಯವೂ ಮತವೇ. ಅವನು ಹುಟ್ಟಿ ಬೆಳೆದ ದೇವರ ಮಾರ್ಗವೂ ಮತವೇ. ಆದರೆ ಲೋಕರೂಢಿಯಲ್ಲಿ ಇವೆರಡಕ್ಕೂ ಅಂತರ ಬಹಳ. ಅಭಿಪ್ರಾಯವನ್ನು ನಾವು ಯುಕ್ತಾಯುಕ್ತಗಳನ್ನು ತೂಗಿ ನೋಡಿ ಕಟ್ಟಿಕೊಳ್ಳುತ್ತೇವೆ. ಧರ್ಮವನ್ನಾದರೋ ತಾಯಿಯ ಹಾಲಿನೊಡನೆ ಪಡೆಯುತ್ತೇವೆ. ಬಹುಜನರಿಗೆ ಇದರಿಂದ ತೊಂದರೆಯೇನೂ ಇಲ್ಲ. ಹುಟ್ಟಿದ ಮತದಲ್ಲಿಯೇ ಅವರಿಗೆ ಸಮಾಧಾನವೂ ದೊರೆಯುತ್ತದೆ, ಮರ್ಯಾದೆಯೂ ದೊರೆಯುತ್ತದೆ. ಆದರೆ ಹುಟ್ಟಿದ ಮತದಲ್ಲಿ ಮರ್ಯಾದೆ ದೊರೆಯದವನು ಏನು ಮಾಡಬೇಕು? ಅವನು ಬೇರೊಂದನ್ನು ಆರಿಸಿಕೊಳ್ಳಬಹುದೆ? ಆರಿಸಿಕೊಳ್ಳುವುದಾದರೆ ಯಾವ ಅಳತೆಗೋಲಿನಿಂದ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು, 1935ರಿಂದ 1956ರ ವರೆಗೆ 21 ವರ್ಷಕಾಲ ವಿಚಾರಿಸಿದವರು ಡಾಕ್ಟರ್ ಭೀಮರಾವ್ ಅಂಬೇಡ್ಕರ್ ಅವರು. ಆ ವಿಚಾರದ ಚರಿತ್ರೆಯೇ ಈ ಹೊತ್ತಿನ ನನ್ನ ವಿಷಯ.

ಅಂಬೇಡ್ಕರರು 1891ರ ಏಪ್ರಿಲ್ 14ರಂದು ಮಹೂ ಎಂಬ ದಂಡಿನ ಊರಿನಲ್ಲಿ, ಅಸ್ಪೃಶ್ಯವೆನಿಸಿದ್ದ ಮಹಾರ್ ಜಾತಿಯಲ್ಲಿ ಜನಿಸಿದರು. ತಂದೆ ಸೈನ್ಯದಲ್ಲಿ ಸುಬೇದಾರರು. ಕಬೀರನ ಪಂಥವನ್ನು ನಂಬಿದವರು. 1907ರಲ್ಲಿ ಹುಡುಗನು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದಾಗ, ಕೃಷ್ಣಾಜಿ ಅರ್ಜುನ ಕೇಳುಸ್ಕರರು ತಾವು ಮರಾಠಿಯಲ್ಲಿ ಬರೆದಿದ್ದ ಬುದ್ಧಚರಿತ್ರೆಯನ್ನು ಉಡುಗೊರೆಯಾಗಿ ಕೊಟ್ಟರು. ಬೀಜವು ಅಂದೇ ಬಿದ್ದಿತೆನ್ನಬಹುದು. ಅದು ಫಲಕ್ಕೆ ಬರುವುದಕ್ಕೆ ಹೆಚ್ಚುಕಡಿಮೆ ಅರ್ಧ ಶತಮಾನವೇ ಹಿಡಿಯಿತು.

ಇಷ್ಟು ಕಾಲ ಏಕೆ ಹಿಡಿಯಿತೆಂಬುದನ್ನು ನಾವು ತಿಳಿಯಬೇಕು. ಮೊದಲಿಗೆ ಅವರು ಹುಟ್ಟಿದ ಮನೆಯನ್ನು ಬಿಡಲು ಹೊರಟವರಲ್ಲ. ಆ ಮನೆಯಲ್ಲಿ ತಮ್ಮ ಪಾಲನ್ನು ಕೇಳಿದವರು. ಮಹಾಡಿನ ಚವದಾರ್ ಕೆರೆಯನ್ನು ಅಲ್ಲಿಯ ಮುನಿಸಿಪಾಲಿಟಿಯು 1924ರಲ್ಲಿ ಸರ್ವರಿಗೂ ತೆರೆದಿದ್ದಿತು. ಆದರೆ ಅದು ಕಾಗದದ ಮೇಲಿನ ಮಾತು. 1927ರ ಮಾರ್ಚ್ 20ರಂದು ಅಂಬೇಡ್ಕರರು ಸಾವಿರಾರು ಜನರೊಡನೆ ಹೋಗಿ ಆ ಕೆರೆಯ ನೀರನ್ನು ಕುಡಿದರು. ಕುಡಿದವರ ಮೇಲೆ ದೊಣ್ಣೆಗಳು ಬಿದ್ದುವು. ಕೆರೆಗೆ ಪಂಚಗವ್ಯದಿಂದ ಶುದ್ಧಿಯಾಯಿತು. ದನಕರುಗಳು ಕುಡಿದರೆ ಮೈಲಿಗೆಯಾಗದ ನೀರು ಮನುಷ್ಯನು ಮುಟ್ಟಿದರೆ ಮೈಲಿಗೆಯಾಯಿತು. 1930ರ ಮಾರ್ಚ್ 2ರಂದು ನಾಸಿಕದ ಕಾಳಾರಾಮ ದೇವಾಲಯದ ಪ್ರವೇಶಕ್ಕಾಗಿ ಸತ್ಯಾಗ್ರಹ ಮೊದಲಾಯಿತು. ವರ್ಷಗಳು ಕಳೆದುವು, ಬಾಗಿಲು ತೆರೆಯಲಿಲ್ಲ.

ಆಗ, 1935ರ ಅಕ್ಟೋಬರ್ 13ರಂದು, ನಾಸಿಕ ಜಿಲ್ಲೆಯ ಯೇವಲಾ ಎಂಬ ಊರಿನ ಸಮ್ಮೇಳನದಲ್ಲಿ ಅವರು ಹೇಳಿದರು: ತಾವು ಹಿಂದುವಾಗಿ ಹುಟ್ಟಿದುದು ತಮ್ಮ ಕೈಯಲ್ಲಿರಲಿಲ್ಲ, ಹಿಂದುವಾಗಿ ಸಾಯದಿರುವುದು ತಮ್ಮ ಕೈಯಲ್ಲಿದೆ. ಯಾವ ಮತವನ್ನು ಸೇರುವೆನೆಂಬುದನ್ನು ಮಾತ್ರ ಅವರು ಹೇಳಲಿಲ್ಲ.

ದೇಶವೆಲ್ಲ ಬೆಚ್ಚಿತು. ಧರ್ಮವೆಂಬುದು ಬೇಕೆಂದಾಗ ಬದಲಾಯಿಸುವುದಕ್ಕೆ ಮನೆಯೂ ಅಲ್ಲ, ಮೇಲಂಗಿಯೂ ಅಲ್ಲವೆಂದು ಗಾಂಧೀಜಿಯವರು ಅಭಿಪ್ರಾಯಪಟ್ಟರು. ಇದು ಲಘುವಾದ ಆಕ್ಷೇಪಣೆಯಲ್ಲ. ಲಾಭನಷ್ಟಗಳ ಲೆಕ್ಕದಿಂದ ದೇವರನ್ನು ಆರಿಸಿಕೊಳ್ಳುವವನ ಭಕ್ತಿಯನ್ನು ಯಾರು ನಂಬಿಯಾರು? ಅತ್ತ ಇಸ್ಲಾಮಿನ ಮುಖಂಡರು, ಕ್ರೈಸ್ತ ಪಾದ್ರಿಗಳು, ಸಿಖ್ಖರು, ಮಹಾಬೋಧಿ ಸಭೆಯವರು, ಎಲ್ಲರೂ ತಮ್ಮ ತಮ್ಮ ಕಡೆಗೆ ಆಹ್ವಾನವಿತ್ತರು.

1936ರ ಮೇ ತಿಂಗಳ ಕೊನೆಯಲ್ಲಿ ಮುಂಬಯಿಯ ದಾದರಿನಲ್ಲಿ ಮಹಾರರ ಪರಿಷತ್ತು ಸೇರಿದಾಗ ಅಂಬೇಡ್ಕರರು ಇದಕ್ಕೆ ಉತ್ತರ ಕೊಟ್ಟರು. ಅವರ ವಾದದ ಸಾರವಿದು: ಧರ್ಮವಿರುವುದು ಮನುಷ್ಯನಿಗಾಗಿ, ಮನುಷ್ಯನಿರುವುದು ಧರ್ಮಕ್ಕಾಗಿ ಅಲ್ಲ. ಧರ್ಮಾಂತರವನ್ನು ಆತ್ಮದ ದೃಷ್ಟಿಯಿಂದಲೂ ನೋಡಬೇಕು, ಸಮಾಜದ ದೃಷ್ಟಿಯಿಂದಲೂ ನೋಡಬೇಕು. ಹಳ್ಳಿಯಲ್ಲಿ ಏಟು ತಿನ್ನುವ ಬಡವನಿಗೆ ಹಣಬಲವಿಲ್ಲ, ಜನಬಲವಿಲ್ಲ, ಮನೋಬಲವನ್ನೂ ಶತಮಾನಗಳ ದಾಸ್ಯವು ಹೀರಿಬಿಟ್ಟಿದೆ. ಅವನು ತನ್ನವನೆಂದು ನಿಲ್ಲುವ ಬೇರೊಂದು ಸಮಾಜವನ್ನು ಸೇರದೆ ಅವನಿಗೆ ಬಲ ಬರುವ ಬಗೆ ಹೇಗೆ? ಇದೆಲ್ಲ ಮಕ್ಕಳ ಆಟವಲ್ಲವೆಂಬುದನ್ನೂ ಅವರು ಅಲ್ಲಿಯೇ ಹೇಳಿದರು. ದೂರ ಪ್ರಯಾಣಕ್ಕೆ ಹೊರಡುವ ಅಂಬಿಗನು ಮೊದಲು ಸಿದ್ಧತೆಗಳನ್ನು ಮಾಡಿಕೊಳ್ಳುತ್ತಾನೆ. ಎಷ್ಟು ಜನ ಹತ್ತುವರೆಂಬುದನ್ನು ತಿಳಿಯದೆ ದಡವನ್ನು ಬಿಡುವುದಿಲ್ಲ. ಅವರ ವಿಳಂಬಕ್ಕೆ ಮುಖ್ಯ ಕಾರಣ ಇದೇ ಎಂದು ನನಗೆ ತೋರುತ್ತದೆ. ತಾನೊಬ್ಬನೇ ದಾಟುವುದಾಗಿದ್ದರೆ ಒಂದು ದಿನ ಸಾಕಾಗಿದ್ದಿತು.

ಆದರೆ ದೋಣಿ ಯಾವ ದಡಕ್ಕೆ? ಇಸ್ಲಾಮಿಗೂ ಕ್ರೈಸ್ತಮತಕ್ಕೂ ಜನಬಲ, ಧನಬಲಗಳಿದ್ದುವು. ಆದರೆ ಅವನ್ನು ಸೇರಿದರೆ ತಮ್ಮ ಜನ ಈ ನಾಡಿನ ಸಂಸ್ಕೃತಿಯಿಂದ ದೂರವಾದಾರೆಂಬ ಶಂಕೆ ಅಂಬೇಡ್ಕರರಿಗಿದ್ದಿತು. ಇಂಡಿಯದಲ್ಲಿ ಆ ಮತಗಳೊಳಗೂ ಜಾತಿಯು ನುಸುಳಿರುವುದನ್ನು ಅವರು ಕಂಡಿದ್ದರು. ಸಿಖ್ಖರ ಧರ್ಮವಾದರೋ ಈ ಮಣ್ಣಿನಲ್ಲಿಯೇ ಹುಟ್ಟಿದುದು. ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದನ್ನು ಕಲಿಸಿದುದು. 1936ರ ಏಪ್ರಿಲಿನಲ್ಲಿ ಅವರು ಅಮೃತಸರದ ಸಿಖ್ ಸಮ್ಮೇಳನಕ್ಕೆ ಹೋದರು. ಹಿಂದೂ ಮಹಾಸಭೆಯ ಡಾಕ್ಟರ್ ಮೂಂಜೆಯವರೊಡನೆಯೂ ಈ ವಿಷಯದಲ್ಲಿ ಮಾತುಕತೆ ನಡೆಸಿದರು. ಅಲ್ಲಿ ಕಷ್ಟವಾದ ಒಂದು ಪ್ರಶ್ನೆ ಎದುರಾಯಿತು. 1932ರ ಪೂನಾ ಒಪ್ಪಂದದಿಂದ ಪ್ರಾಂತಗಳ ಶಾಸನಸಭೆಗಳಲ್ಲಿ ಈ ಜನಕ್ಕೆ 148 ಸ್ಥಾನಗಳು ದೊರೆತಿದ್ದುವು. ಮತವನ್ನು ಬಿಟ್ಟವರಿಗೆ ಆ ಹಕ್ಕು ಉಳಿಯುವುದೆ? ಮಾತುಕತೆ ಫಲಿಸಲಿಲ್ಲ. ತರುವಾಯ ಬಹುಕಾಲ ಅವರು ಈ ವಿಷಯದಲ್ಲಿ ಹೆಚ್ಚು ಮಾತನಾಡಲಿಲ್ಲ. ಆದರೆ 1946ರಲ್ಲಿ ಮುಂಬಯಿಯಲ್ಲಿ ಅವರ ಸಂಸ್ಥೆ ತೆರೆದ ಕಾಲೇಜಿಗೆ ಸಿದ್ಧಾರ್ಥನ ಹೆಸರು ಬಂದಿತು. ಮನಸ್ಸು ಎತ್ತ ಒಲಿಯುತ್ತಿದ್ದಿತೆಂಬುದಕ್ಕೆ ಇದೊಂದು ಗುರುತು.

ಆ ದಾರಿಯಲ್ಲಿ ಅವರಿಗಿಂತ ಮುಂಚೆಯೇ ನಡೆದವರು ದಕ್ಷಿಣದಲ್ಲಿದ್ದರು. ನಮ್ಮ ಮೈಸೂರು ಸೀಮೆಯಲ್ಲಿಯೂ ಇದ್ದರು. ಅಯೋತ್ತಿದಾಸ ಪಂಡಿತರು 1898ರಲ್ಲಿ ಕೊಲಂಬೊ ನಗರಕ್ಕೆ ಹೋಗಿ ಪಂಚಶೀಲವನ್ನು ಸ್ವೀಕರಿಸಿ ಬಂದು, ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘವನ್ನು ಸ್ಥಾಪಿಸಿದರು. ಈ ಸಂಘವು ಕೋಲಾರದ ಚಿನ್ನದ ಗಣಿಗಳ ತಮಿಳು ಕೂಲಿಗಾರರಲ್ಲಿ ಬೇರೂರಿತು. ಹಗಲೆಲ್ಲ ಭೂಮಿಯ ಆಳದಲ್ಲಿ ಬಂಡೆಯೊಡೆದ ಜನ ಮಾರಿಕುಪ್ಪದಲ್ಲಿಯೂ ಚಾಂಪಿಯನ್ ರೀಫ್ಸಿನಲ್ಲಿಯೂ ಸೇರಿ ಬುದ್ಧನ ಮಾತನ್ನು ಓದಿಸಿ ಕೇಳಿದರು. ಇದೇ ಬಳಗದ ಪಿ. ಲಕ್ಷ್ಮೀನರಸು ಅವರು ಬೌದ್ಧಧರ್ಮದ ಸಾರವನ್ನು ಕುರಿತು 1907ರಲ್ಲಿ ಇಂಗ್ಲಿಷಿನಲ್ಲಿ ಬರೆದ ಗ್ರಂಥವನ್ನು ಅಂಬೇಡ್ಕರರು 1948ರಲ್ಲಿ ತಮ್ಮ ಮುನ್ನುಡಿಯೊಡನೆ ಮರುಮುದ್ರಣ ಮಾಡಿಸಿದರು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ತಮ್ಮವರು ಪೂರ್ವದಲ್ಲಿ ಬೌದ್ಧರೇ ಆಗಿದ್ದು, ಆ ಕಾರಣಕ್ಕೇ ಹೊರಗಿಡಲ್ಪಟ್ಟರೆಂದು ಅಯೋತ್ತಿದಾಸರು ವಾದಿಸಿದರು. 1948ರಲ್ಲಿ ಅಸ್ಪೃಶ್ಯರ ಮೂಲವನ್ನು ಕುರಿತು ಬರೆದಾಗ ಅಂಬೇಡ್ಕರರೂ ಹೆಚ್ಚುಕಡಿಮೆ ಈ ನಿರ್ಣಯಕ್ಕೇ ಬಂದರು. ಚರಿತ್ರಕಾರರಲ್ಲಿ ಇದನ್ನು ಒಪ್ಪದವರು ಹಲವರುಂಟು. ಆದರೆ ಈ ವಾದದ ಹಿಂದಿರುವ ಹಂಬಲವು ನಿಜವಾದುದು. ಹೊಸ ಮನೆಗೆ ಹೋಗುವವನು, ಅದು ತನ್ನ ಹಿರಿಯರ ಮನೆಯೇ ಎಂದು ತಿಳಿದಾಗ ತಲೆಯೆತ್ತಿ ಹೊಸಲನ್ನು ದಾಟುತ್ತಾನೆ.

1950ರಲ್ಲಿ ಮಹಾಬೋಧಿ ಸಭೆಯ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಅವರು ತಮ್ಮ ಅಳತೆಗೋಲನ್ನು ಸ್ಪಷ್ಟವಾಗಿ ಕೊಟ್ಟರು. ಧರ್ಮದ ತಳಹದಿ ನೀತಿಯಾಗಿರಬೇಕು. ಅದು ಬುದ್ಧಿಗೂ ವಿಜ್ಞಾನಕ್ಕೂ ಒಪ್ಪಬೇಕು. ಸ್ವಾತಂತ್ರ್ಯ, ಸಮಾನತೆ, ಸೋದರಭಾವಗಳನ್ನು ಅಂಗೀಕರಿಸಬೇಕು. ಬಡತನವನ್ನು ಪುಣ್ಯವೆಂದು ಹೊಗಳಬಾರದು. ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಬೌದ್ಧಧರ್ಮವೊಂದೇ ಎಂಬುದು ಅವರ ನಿಶ್ಚಯ. ಕೊನೆಗೆ 1956ರ ಅಕ್ಟೋಬರ್ 14ರಂದು, ವಿಜಯದಶಮಿಯ ದಿನ, ನಾಗಪುರದಲ್ಲಿ ಕುಶಿನಗರದ ವೃದ್ಧ ಭಿಕ್ಷು ಚಂದ್ರಮಣಿಯವರಿಂದ ಪತ್ನಿ ಸವಿತಾ ಅವರೊಡನೆ ತ್ರಿಶರಣ ಪಂಚಶೀಲಗಳನ್ನು ಸ್ವೀಕರಿಸಿದರು. ಅನಂತರ ತಾವೇ ಎದ್ದು ನಿಂತು, ನೆರೆದಿದ್ದ ಲಕ್ಷಾಂತರ ಜನರಿಗೆ 22 ಪ್ರತಿಜ್ಞೆಗಳೊಡನೆ ದೀಕ್ಷೆ ಕೊಟ್ಟರು. ಹಳೆಯ ಪದ್ಧತಿಯಲ್ಲಿ ದೀಕ್ಷೆ ಕೊಡುವವನು ಭಿಕ್ಷು. ಇಲ್ಲಿ ಗೃಹಸ್ಥನೇ ಕೊಟ್ಟನು. ಆರಿಸಿಕೊಂಡ ಧರ್ಮವನ್ನೂ ಅವರು ಕಣ್ಣುಮುಚ್ಚಿ ಒಪ್ಪಲಿಲ್ಲ. 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಆತನ ಧಮ್ಮ’ ಎಂಬ ಗ್ರಂಥದಲ್ಲಿ ಸಂಪ್ರದಾಯದ ಹಲವು ಮಾತುಗಳನ್ನು ಪ್ರಶ್ನಿಸಿದ್ದಾರೆ. ಆ ಗ್ರಂಥದ ಮುದ್ರಣವನ್ನು ನೋಡುವುದಕ್ಕೆ ಅವರಿರಲಿಲ್ಲ. ನಾಗಪುರದ ದೀಕ್ಷೆಯಾದ ಎಂಟು ವಾರಗಳೊಳಗೆ, 1956ರ ಡಿಸೆಂಬರ್ 6ರಂದು, ದೆಹಲಿಯಲ್ಲಿ ತೀರಿಕೊಂಡರು.

ಆದರೂ ದೋಣಿ ನಿಲ್ಲಲಿಲ್ಲ. 1951ರ ಜನಗಣತಿಯಲ್ಲಿ ಇಂಡಿಯದ ಬೌದ್ಧರು 2 ಲಕ್ಷಕ್ಕೂ ಕಡಮೆ. 1961ರಲ್ಲಿ ಸುಮಾರು 32 ಲಕ್ಷ, ಅವರಲ್ಲಿ ಬಹುಪಾಲು ಮಹಾರಾಷ್ಟ್ರದವರು. ಹೀಗೆ ದಾಟಿದವರಿಗೆ ಆಮಿಷವಿದ್ದಿತೆ? ಇದ್ದುದು ನಷ್ಟ. 1950ರ ರಾಷ್ಟ್ರಪತಿಗಳ ಆಜ್ಞೆಯಂತೆ ಪರಿಶಿಷ್ಟ ಜಾತಿಗಳ ಸೌಲಭ್ಯವು ಹಿಂದುಗಳಿಗೆ ಮತ್ತು ಪಂಜಾಬಿನ ಕೆಲವು ಸಿಖ್ ಜಾತಿಗಳಿಗೆ ಮಾತ್ರ ಮೀಸಲಾಗಿದ್ದಿತು. 1956ರಲ್ಲಿ ಸಿಖ್ಖರೆಲ್ಲರನ್ನೂ ಸೇರಿಸಿದರು. ಬೌದ್ಧರು ಸೇರಿದುದು 1990ರಲ್ಲಿ. ಮಗನ ವಿದ್ಯಾರ್ಥಿವೇತನ ಹೋದೀತು, ನೌಕರಿ ತಪ್ಪೀತು ಎಂದು ಬಲ್ಲ ತಂದೆಯು ಜನಗಣತಿಯ ಗುಮಾಸ್ತನ ಮುಂದೆ ‘ಬೌದ್ಧ’ನೆಂದು ಬರೆಯಿಸಿದನು. ಲಾಭದ ಲೆಕ್ಕವೆಂಬ ಆಕ್ಷೇಪಣೆಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಅಂಬೇಡ್ಕರರ ಆಯ್ಕೆಯನ್ನು ಎಲ್ಲರೂ ಒಪ್ಪಬೇಕೆಂಬುದು ನನ್ನ ವಾದವಲ್ಲ. ಹುಟ್ಟಿದ ಮತದಲ್ಲಿಯೇ ಇದ್ದುಕೊಂಡು ಅದನ್ನು ತಿದ್ದುತ್ತೇವೆಂಬವರ ದಾರಿಯೂ ಗೌರವಕ್ಕೆ ಅರ್ಹವಾದುದೇ. ಆದರೆ ಧರ್ಮವನ್ನು ಆರಿಸುವವನು ಏನನ್ನು ತೂಗಬೇಕೆಂಬುದನ್ನು ಈ ಚರಿತ್ರೆ ತೋರಿಸುತ್ತದೆ. ತತ್ತ್ವವೊಂದನ್ನೇ ನೋಡಿದರೆ ಸಾಲದು. ಆ ತತ್ತ್ವವನ್ನು ನಂಬಿದ ಜನರ ನಡುವೆ ತನಗೆ ಎಲ್ಲಿ ಕುಳ್ಳಿರಲು ಎಡೆ ಕೊಡುತ್ತಾರೆಂಬುದನ್ನೂ ನೋಡಬೇಕು. ಹುಟ್ಟಿದ ಮತದಲ್ಲಿ ನೆಮ್ಮದಿಯಾಗಿರುವ ನಾವು ನಮ್ಮನ್ನೇ ಕೇಳಿಕೊಳ್ಳತಕ್ಕ ಪ್ರಶ್ನೆಯೂ ಇದೇ ಅಲ್ಲವೆ? ನಮ್ಮ ಪಂಕ್ತಿಯಲ್ಲಿ ಯಾರಿಗೆ ಎಡೆಯಿಲ್ಲ, ನಮ್ಮ ಯಾವ ಬಾಗಿಲು ಇನ್ನೂ ಮುಚ್ಚಿದೆ ಎಂಬುದನ್ನು ನಾವು ವಿಚಾರಿಸದಿದ್ದರೆ, ಹೊರಗೆ ನಿಂತವನು ಬೇರೆ ಮನೆಯನ್ನು ಹುಡುಕಿ ಹೊರಟಾಗ ಅವನನ್ನು ಆಕ್ಷೇಪಿಸುವ ಅಧಿಕಾರ ನಮಗೆ ಇರುವುದಿಲ್ಲ.